ಹದಿನೈದು ಅಡ್ಮಿಷನ್

ಮೇ 19, ಸೋಮವಾರ

ಇವತ್ತೂ ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕದ ಕ್ಲಾಸ್ ಇಲ್ಲ. ಆ ಲೆಕ್ಚರರ್ ಮಾರ್ಚ್‌ನಲ್ಲೇ ಬಿಟ್ಟು ಹೋದರು. ಟೈಮ್‌ಟೇಬಲ್‌ನಲ್ಲಿ ಅವರ ಹೆಸರು ಮಾತ್ರ ಹಾಗೇ ಇದೆ. ದೇವಸಮುದ್ರದಿಂದ ಹೊರಟು, ಮೊಳಕಾಲ್ಮೂರಿನಲ್ಲಿ ಬಸ್ ಬದಲಾಯಿಸಿ, ಚಳ್ಳಕೆರೆವರೆಗೆ ನಿಂತುಕೊಂಡೇ ಬರುವುದು— ಖಾಲಿ ಬೋರ್ಡ್ ನೋಡುವುದಕ್ಕೆ. ಸೆಕೆಂಡ್ ಇಯರ್ ಬಿಬಿಎ ಅಂದರೆ ಇಷ್ಟೇ. ಇರುವವರೇ ಒಂಬತ್ತು ಜನ. ಫ್ಯಾನ್ ಎರಡು, ತಿರುಗುವುದು ಒಂದು.

ಮಧ್ಯಾಹ್ನ ಪ್ರಿನ್ಸಿಪಾಲ್ ಕ್ಲಾಸಿಗೆ ಬಂದರು. ಹಿಂದೆ ನಮ್ಮ ಎಚ್‌ಒಡಿ ಓಂಕಾರಮೂರ್ತಿ ಸರ್. ಮಾರ್ಕೆಟಿಂಗ್, ಎಚ್‌ಆರ್, ಬಿಸಿನೆಸ್ ಲಾ ಎಲ್ಲ ಅವರೊಬ್ಬರೇ ಮಾಡುತ್ತಾರೆ. ಮುಖ ಇಳಿದಿತ್ತು.

ವಿಷಯ ಏನೆಂದರೆ, ಈ ವರ್ಷ ಫಸ್ಟ್ ಇಯರ್‌ಗೆ ಹದಿನೈದು ಅಡ್ಮಿಷನ್ ಆಗದಿದ್ದರೆ ಮ್ಯಾನೇಜ್‌ಮೆಂಟ್‌ನವರು ಬಿಬಿಎ ಸೆಕ್ಷನ್ ಮುಚ್ಚುತ್ತಾರೆ. ನಾವು ಫೈನಲ್ ಇಯರ್‌ಗೆ ಚಿತ್ರದುರ್ಗದ ಇನ್ಯಾವುದೋ ಕಾಲೇಜಿಗೆ ಹೋಗಬೇಕು.

"ಮಾರ್ಕೆಟಿಂಗ್ ಓದ್ತಿದೀರಲ್ಲ? ಮಾಡಿ ತೋರ್ಸಿ. ಊರೂರಿಗೆ ಹೋಗಿ ಪಿಯುಸಿ ಪಾಸಾದೋರ್ನ ಕರ್ಕೊಂಡ್ ಬನ್ನಿ. ಇಂಟರ್ನಲ್ ಮಾರ್ಕ್ಸ್ ಅದಕ್ಕೇ" ಎಂದರು ಪ್ರಿನ್ಸಿಪಾಲ್.

ವಿಶ್ವನಾಥ್ ಚಪ್ಪಾಳೆ ತಟ್ಟಿದ. ಅವನೊಬ್ಬನೇ.

ಅದೇ ದಿನ, ಸಂಜೆ

ಅಪ್ಪನಿಗೆ ಹೇಳಿದೆ. ಕುರಿದೊಡ್ಡಿಯ ಬೇಲಿ ಸರಿಮಾಡುತ್ತಿದ್ದ. ತಲೆ ಎತ್ತಲಿಲ್ಲ.

"ಚಳ್ಳಕೆರೆ ಅಂದ್ರೆ ಸರೇ. ದುರ್ಗ ಆಗಲ್ಲ."

"ಹಾಸ್ಟೆಲ್‌ನಾಗೆ ಇದ್ದು—"

"ಆಗಲ್ಲ ಅಂದ್ನಲ್ಲ."

ಮುಗಿಯಿತು. ಅವ್ವ ಒಳಗಿಂದಲೇ ಕೂಗಿ ಕೇಳಿದಳು, "ಅರ್ಧಕ್ಕೆ ನಿಲ್ಸಿದ್ರೆ ಇಲ್ಲೀಗಂಟ ಓದಿದ್ದು ಏನಾಗ್ತೈತೆ?" ಅಪ್ಪ ಇನ್ನೊಂದು ಮುಳ್ಳುಕಂಟಿ ಎಳೆದುಕೊಂಡ.

ತಂಗಿ ತೇಜಶ್ರೀಯದು ಈಗಷ್ಟೇ ಪಿಯುಸಿ ಮುಗಿದಿದೆ. "ನನ್ ಹೆಸ್ರು ಬರ್ಕೊಳಕ್ಕ, ಒಂದ್ ಅಡ್ಮಿಷನ್ ಆಯ್ತು" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳ ನರ್ಸಿಂಗ್ ಅರ್ಜಿಯನ್ನು ಹೋದ ವಾರ ನಾನೇ ಕೂತು ತುಂಬಿದ್ದೇನೆ.

ಮೇ 23, ಶುಕ್ರವಾರ

ಪ್ಯಾಂಪ್ಲೆಟ್ ಬಂತು. ಮೇಲೆ ಗಾಜಿನ ಕಟ್ಟಡದ ಫೋಟೋ. ಯಾವ ಊರಿನದೋ. ಕೆಳಗೆ 'ನೂರಕ್ಕೆ ನೂರು ಪ್ಲೇಸ್‌ಮೆಂಟ್'. ಓಂಕಾರಮೂರ್ತಿ ಸರ್ ಹತ್ತಿರ ಹೋದೆ.

"ಸರ್, ಹೋದ್ಸಲದ ಬ್ಯಾಚ್‌ನಲ್ಲಿ ಯಾರಿಗೆ ಪ್ಲೇಸ್‌ಮೆಂಟ್ ಆಯ್ತು?"

ಕನ್ನಡಕ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. "ಪ್ರಿಂಟ್ ಆಗೋಗಿದೆ ಕಣಮ್ಮ ಜ್ಯೋತಿ."

ಮೊಳಕಾಲ್ಮೂರು ಕಡೆಗೆ ನಾನು ಮತ್ತು ವಿಶ್ವನಾಥ್. ಬೇರೆ ಯಾರೂ ಸಿಗಲಿಲ್ಲವೇ ದೇವರೇ...

ಮೇ 26, ಸೋಮವಾರ

ಬಿಸಿಲು. ಕಾಲು ಸುಟ್ಟಿದೆ. ಗಂಟಲು ಒಣಗಿದೆ. ಅಡ್ಮಿಷನ್ ಸೊನ್ನೆ.

ಒಂದು ಮನೆಯಲ್ಲಿ ಸಂಘದ ಸಾಲದವರು ಅಂದುಕೊಂಡು ಬಾಗಿಲು ಹಾಕಿಕೊಂಡರು. ಇನ್ನೊಂದು ಮನೆಯ ಜಗಲಿಯಲ್ಲಿದ್ದ ಯರ್ರಪ್ಪ ತಾತ ಪ್ಯಾಂಪ್ಲೆಟ್ ತಿರುಗಿಸಿ ಮುರುಗಿಸಿ ನೋಡಿ, "ಬಿಬಿಎ ಅಂದ್ರೆ ಬಿಎಗಿಂತ ಒಂದ್ ಕ್ಲಾಸ್ ಜಾಸ್ತಿನಾ?" ಎಂದ. ವಿಶ್ವನಾಥ್ "ಹೂಂ ತಾತ, ಒಂದಲ್ಲ, ಎರಡ್ ಕ್ಲಾಸ್" ಎಂದುಬಿಟ್ಟ. ತಾತನ ಮೊಮ್ಮಗ ಇನ್ನೂ ಏಳನೇ ಕ್ಲಾಸು.

ದಾರಿಯುದ್ದಕ್ಕೂ ಇವನದು ಒಂದೇ ಮಾತು— ಟಾರ್ಗೆಟ್, ಲೀಡ್, ಕನ್ವರ್ಷನ್. ಎಳನೀರಿನವನಿಗೂ ಬ್ರ್ಯಾಂಡಿಂಗ್ ಬಗ್ಗೆ ಉಪದೇಶ. ಎಳನೀರಿನವನು ಪಾಪ, ಮಚ್ಚು ಕೈಯಲ್ಲಿದ್ದರೂ ಸುಮ್ಮನೆ ಕೇಳಿದ.

ಮೇ 29, ಗುರುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು. ಇನ್ನೂ ಮೈ ಉರಿಯುತ್ತಿದೆ. ಯಾರ ಮೇಲೆ ಅಂತ ಗೊತ್ತಿಲ್ಲ.

ಮೊಳಕಾಲ್ಮೂರು ಬಸ್‌ಸ್ಟ್ಯಾಂಡ್ ಹಿಂದೆ ಬುಡೇನ್ ಸಾಬರ ಗ್ಯಾರೇಜ್. ಅವರ ಮಗಳು ಮುಸ್ಕಾನ್ ಪಿಯುಸಿ ಕಾಮರ್ಸ್‌ನಲ್ಲಿ ಅವಳ ಕಾಲೇಜಿಗೇ ಫಸ್ಟ್ ಅಂತ ಕೇಳಿ ಹೋದೆವು. ಸಾಬರು ಬೈಕ್ ಪಕ್ಕ ಕೂತಲ್ಲಿಂದಲೇ ಮಾತಾಡಿದರು. "ಮನೆಗೆ ಹೋಗಿ ಅವ್ರ ಅಮ್ಮೀನ ಕೇಳ್ರಿ. ಅಲ್ಲಿ ನನ್ನ ಮಾತು ನಡೆಯಲ್ಲ."

ಮನೆ ಗ್ಯಾರೇಜಿಗೆ ಅಂಟಿಕೊಂಡೇ ಇತ್ತು. ದಿಲ್ಶಾದ್ ಬೇಗಂ ಚಾಪೆ ಹಾಸಿ, ಷರಬತ್ತು ಕೊಟ್ಟು, ಎದುರಿಗೆ ಕೂತರು. ಮುಸ್ಕಾನ್ ಬಾಗಿಲಿಗೆ ಒರಗಿ ನಿಂತಳು. ವಿಶ್ವನಾಥ್ ಶುರುಮಾಡಿದ. ಸ್ಮಾರ್ಟ್ ಕ್ಲಾಸ್, ಸಾಫ್ಟ್ ಸ್ಕಿಲ್ಸ್, ಪ್ಲೇಸ್‌ಮೆಂಟ್, ಇಂಡಸ್ಟ್ರಿಯಲ್ ವಿಸಿಟ್... ಆ ವಿಸಿಟ್ ಅಂದರೆ ಒಂದು ಶೇಂಗಾ ಎಣ್ಣೆ ಮಿಲ್. ನಾವು ಹೋದ ದಿನ ಕರೆಂಟ್ ಇರಲಿಲ್ಲ. ಗೇಟಿನ ಹತ್ತಿರ ಫೋಟೋ ತೆಗೆಸಿಕೊಂಡು ಬಂದೆವು.

ಆಕೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ನಿಂಗೆ ತಂಗಿ ಇದಾಳೇನಮ್ಮ?"

"ಇದಾಳೆ ಆಂಟಿ. ಅವಳ್ದೂ ಈ ವರ್ಷ ಪಿಯುಸಿ ಆಯ್ತು."

"ಅವಳನ್ನ ಈ ಕಾಲೇಜಿಗೆ ಹಾಕ್ತೀಯಾ?"

"ಹೂಂ ಆಂಟಿ, ಆಗ್ಲೇ—" ಎಂದ ವಿಶ್ವನಾಥ್.

"ಇಲ್ಲ" ಎಂದೆ ನಾನು.

ಎಲ್ಲಿಂದ ಬಂತೋ. ಒಂದು ಬಂದ ಮೇಲೆ ಉಳಿದದ್ದೂ ಬಂತು. ಕಾಸ್ಟಿಂಗ್‌ಗೆ ಲೆಕ್ಚರರ್ ಇಲ್ಲ ಅಂದೆ. ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್ ರಿಪೇರಿಗೆ ಹೋಗಿದ್ದು ವಾಪಸ್ ಬಂದಿಲ್ಲ ಅಂದೆ. ಫೋಟೋದ ಕಟ್ಟಡ ನಮ್ಮದಲ್ಲ, ಪ್ಲೇಸ್‌ಮೆಂಟ್ ಆದವರು ಯಾರೂ ನನಗೆ ಗೊತ್ತಿಲ್ಲ ಅಂದೆ. ಓಂಕಾರಮೂರ್ತಿ ಸರ್ ಮಾತ್ರ ಚೆನ್ನಾಗಿ ಪಾಠ ಮಾಡುತ್ತಾರೆ, ಅವರ ಕ್ಲಾಸಿಗಾಗಿ ಅಷ್ಟು ದೂರ ಬರಬಹುದು— ಅದನ್ನೂ ಅಂದೆ.

ಮುಸ್ಕಾನ್ ಆಗ ಬಾಯಿ ಬಿಟ್ಟಳು. "ಲೆಕ್ಚರರ್ ಇಲ್ದೆ ಕಾಸ್ಟಿಂಗ್ ಹೆಂಗ್ ಓದ್ತೀರ ಅಕ್ಕ?"

"ನಾನು ಪುಸ್ತಕ ನೋಡಿ ಓದ್ಕೊಂಡು ಎಲ್ರಿಗೂ ಹೇಳ್ಕೊಡ್ತೀನಿ."

"ಅರ್ಥ ಆಗ್ತದಾ?"

"ಅರ್ಧ."

ಅವಳು ನಕ್ಕಳು. ದಿಲ್ಶಾದ್ ಬೇಗಂ ನಗಲಿಲ್ಲ. "ಬಕ್ರೀದ್ ಮುಗೀಲಿ, ಯೋಚ್ನೆ ಮಾಡ್ತೀವಿ" ಎಂದು ಲೋಟ ಎತ್ತಿಕೊಂಡು ಒಳಗೆ ಹೋದರು. ಹೋಗಲಿ ಬಿಡು ಅಂದ ಹಾಗೆ.

ಬಸ್‌ಸ್ಟ್ಯಾಂಡಿನಲ್ಲಿ ವಿಶ್ವನಾಥ್ ಹಾರಾಡಿದ. "ನಿಂಗೇನ್ ತಲೆ ಕೆಟ್ಟೈತಾ? ಕಸ್ಟಮರ್ ಮುಂದೆ ಪ್ರಾಡಕ್ಟ್ ಬಗ್ಗೆ ಯಾರಾದ್ರೂ ಹಂಗ್ ಹೇಳ್ತಾರಾ?"

"ಪ್ರಾಡಕ್ಟ್ ಅಲ್ಲ ಕಣೋ. ಆ ಹುಡ್ಗಿದು ಮೂರು ವರ್ಷ."

"ಸೆಕ್ಷನ್ ಮುಚ್ಚಿದ್ರೆ ಮೊದ್ಲು ಮನೇಲಿ ಕೂರೋಳು ನೀನೇ. ತಿಳ್ಕೊ."

ಅದು ನಿಜ. ಅದಕ್ಕೇ ಇನ್ನೂ ಸಿಟ್ಟು ಬಂತು.

ಜೂನ್ 2, ಸೋಮವಾರ

ಪ್ರಿನ್ಸಿಪಾಲ್ ಚೇಂಬರಿಗೆ ಕರೆ. ಯಾರು ಹೇಳಿದ್ದು ಅಂತ ಕೇಳಬೇಕಾಗಿಲ್ಲ. ವಿಶ್ವನಾಥ್ ಬೆಳಿಗ್ಗೆಯಿಂದ ನನ್ನ ಮುಖ ನೋಡುತ್ತಿಲ್ಲ.

"ಓದೋ ಕಾಲೇಜಿನ ಹೆಸ್ರು ಕೆಡಿಸ್ತೀಯಾ? ನಿಮ್ ತಂದೇನ ಕರ್ಕೊಂಡ್ ಬಾ. ಅಲ್ಲೀವರ್ಗೂ ಕ್ಲಾಸಿಗೆ ಬರ್ಬೇಡ."

ಯಾವ ಕ್ಲಾಸಿಗೆ ಸರ್ ಎಂದು ಕೇಳಬೇಕೆನಿಸಿತು. ನಾಲಿಗೆ ಕಚ್ಚಿಕೊಂಡೆ.

ಜೂನ್ 4, ಬುಧವಾರ

ಅಪ್ಪ ಬಂದ. ಬಿಳಿ ಅಂಗಿ ಹಾಕಿಕೊಂಡು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಾನು ಏನೇನೋ ಅಂದುಕೊಂಡಿದ್ದೆ. ನನ್ನ ಪರ ಒಂದು ಮಾತಾದರೂ ಆಡುತ್ತಾನೆ ಅಂತ. ಪ್ರಿನ್ಸಿಪಾಲ್ ಬೈದದ್ದನ್ನೆಲ್ಲ ಕೇಳಿ, ಕೈ ಮುಗಿದು, "ತಪ್ಪಾತು ಸಾರ್. ಹುಡ್ಗಿ ಏನೋ ಮಾತಾಡ್ಬಿಟ್ಟೈತೆ, ಹೊಟ್ಟೆಗೆ ಹಾಕ್ಕೊಳ್ರಿ" ಎಂದ.

ನೆಲ ನೋಡುತ್ತಾ ನಿಂತಿದ್ದೆ. ಅತ್ತರೆ ಅವರ ಮುಂದೆ ಅಳಬೇಕಲ್ಲ ಎಂದು ಅಳಲಿಲ್ಲ.

ವಾಪಸ್ ಬಸ್ಸಿನಲ್ಲಿ ಸೀಟು ಸಿಕ್ಕಿತು. ತಳಕು ದಾಟಿದ ಮೇಲೆ ನಾನೇ ಶುರುಮಾಡಿದೆ.

"ನಾನ್ ಹೇಳಿದ್ರಾಗೆ ಒಂದೂ ಸುಳ್ಳಿಲ್ಲ. ನೀನ್ಯಾಕೆ ಕೈ ಮುಗ್ದೆ?"

"ನಿನ್ನ ಹಾಲ್ ಟಿಕೆಟ್ ಅವ್ರ ಕೈಯಾಗೈತೆ."

ಆಮೇಲೆ ಅವನೇ ಕೇಳಿದ. "ಅಷ್ಟ್ ಕೆಟ್ಟದಾಗಿದ್ರೆ ದಿನಾ ಯಾಕವ್ವ ಹೋಗ್ತೀಯ?"

ಎರಡು ವರ್ಷದಲ್ಲಿ ಮನೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ನಂಗೆ ಇಷ್ಟ ಅಪ್ಪ. ಹತ್ತ್ ಜನ ಸೇರಿ ಒಂದ್ ಕೆಲ್ಸ ಮಾಡೋವಾಗ ಎಲ್ಲಿ ಕೆಡ್ತೈತೆ, ಯಾಕ್ ಕೆಡ್ತೈತೆ, ಹೆಂಗ್ ಸರಿ ಮಾಡೋದು— ಅದನ್ನೇ ನಾವ್ ಓದೋದು. ಪಾಠ ನಡೆದ್ ದಿನ ಬಸ್ಸಲ್ಲಿ ನಿಂತ್ಕೊಂಡ್ ಬಂದಿದ್ದೂ ಗೊತ್ತಾಗಲ್ಲ."

"ನಡೆದ ದಿನ..." ಎಂದ ಅಪ್ಪ. ಕಿಟಕಿಯಾಚೆ ನೋಡಿದ. ಆಮೇಲೆ, "ದುರ್ಗದ ಮಾತು ನೋಡಾಣ ಬಿಡು. ನಿಮ್ಮವ್ವನ್ ಕೇಳ್ತೀನಿ" ಎಂದ.

ಆಗುತ್ತದೆ ಅಂತಲ್ಲ. ಆದರೂ ಆಗಲ್ಲ ಎಂಬ ಮಾತಂತೂ ಅಲ್ಲ.

ಜೂನ್ 18, ಬುಧವಾರ

ಬರೆಯಲು ಮನಸ್ಸಿರಲಿಲ್ಲ. ಕ್ಲಾಸಿಗೆ ಸೇರಿಸಿಕೊಂಡಿದ್ದಾರೆ. ಕ್ಯಾನ್ವಾಸಿಂಗ್‌ಗೆ ಬೇಡವಂತೆ— ಒಳ್ಳೆಯದೇ ಆಯಿತು. ಅಡ್ಮಿಷನ್ ಹನ್ನೊಂದಕ್ಕೆ ನಿಂತಿದೆ. ಅವ್ವ ದುರ್ಗದಲ್ಲಿರುವ ದೂರದ ಅಕ್ಕನ ಮನೆಯ ಬಗ್ಗೆ ಮಾತೆತ್ತಿದಳು. ಅಪ್ಪ ಊಟ ಬಿಟ್ಟು ಎದ್ದ.

ವಿಶ್ವನಾಥ್ ಇವತ್ತು ಕಾಸ್ಟ್ ಶೀಟ್ ಹೇಳಿಕೊಡು ಎಂದು ಬಂದ. ನಾಚಿಕೆ ಇಲ್ಲ. ಹೇಳಿಕೊಟ್ಟೆ. ನನಗೂ ಇಲ್ಲ.

ಜೂನ್ 27, ಶುಕ್ರವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಹನ್ನೊಂದರ ಹೊತ್ತಿಗೆ ಪ್ಯೂನ್ ಬಂದು ಚೇಂಬರಿಗೆ ಬಾ ಎಂದ. ಮತ್ತೇನು ತಪ್ಪು ಮಾಡಿದೆ ಎಂದುಕೊಂಡು ಹೋದರೆ— ದಿಲ್ಶಾದ್ ಬೇಗಂ! ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ. ಪಕ್ಕದಲ್ಲಿ ಮುಸ್ಕಾನ್. ಪ್ರಿನ್ಸಿಪಾಲ್ ಮುಖದಲ್ಲಿ ಬೆವರು. ಓಂಕಾರಮೂರ್ತಿ ಸರ್ ಗೋಡೆ ಪಕ್ಕ.

"ಬಾಮ್ಮ ಜ್ಯೋತಿಲಕ್ಷ್ಮಿ, ಇವ್ರಿಗೆ ಸ್ವಲ್ಪ ಹೇಳು. ಕಾಸ್ಟಿಂಗ್ ಲೆಕ್ಚರರ್ ಬಂದ್ರಾ ಅಂತ ಕೇಳ್ತಿದಾರೆ" ಎಂದರು ಪ್ರಿನ್ಸಿಪಾಲ್.

ಏನು ಹೇಳಲಿ? ಅಪ್ಪ ಕೈ ಮುಗಿದದ್ದು ಕಣ್ಣ ಮುಂದೆ ಬಂತು. ಹಾಲ್ ಟಿಕೆಟ್ ಇನ್ನೂ ಬಂದಿಲ್ಲ.

"ಅದನ್ನ ನೀವೇ ಹೇಳ್ಬೇಕು ಸರ್" ಎಂದೆ.

ದಿಲ್ಶಾದ್ ಬೇಗಂ ಪ್ರಿನ್ಸಿಪಾಲ್ ಕಡೆ ತಿರುಗಿದರು. "ನಮ್ಮನೆಗೆ ಇನ್ನೂ ಎರಡ್ ಕಾಲೇಜಿನೋರು ಬಂದಿದ್ರು ಸರ್. ಎಲ್ಲಾ ಸರಿ ಐತೆ ಅಂದ್ರು. ಈ ಹುಡ್ಗಿ ಒಬ್ಳೇ ಏನೇನ್ ಇಲ್ಲ ಅಂತ ಹೇಳಿದ್ಲು. ಅದಕ್ಕೇ ಇಲ್ಲಿಗ್ ಬಂದಿದೀನಿ. ಲೆಕ್ಚರರ್ ಹಾಕ್ಸಿ, ಮಗಳನ್ನ ಸೇರಿಸ್ತೀನಿ. ಇವಳ ಜೊತೇಲಿ ಓದಿದ ಇನ್ನೂ ಮೂವರು ಹುಡ್ಗೀರು ಕಾಯ್ತಾವ್ರೆ. ಇವಳು ಎಲ್ಲಿಗೋ, ಅವರೂ ಅಲ್ಲಿಗೇ."

ಪ್ರಿನ್ಸಿಪಾಲ್ ಮ್ಯಾನೇಜ್‌ಮೆಂಟ್, ಪರ್ಮಿಷನ್, ಪ್ರೊಸೀಜರ್ ಅಂತ ಏನೇನೋ ಅಂದರು.

ಆಗ ಓಂಕಾರಮೂರ್ತಿ ಸರ್ ಬಾಯಿ ಬಿಟ್ಟರು. "ಮಾರ್ಚ್‌ನಿಂದ ಬರ್ದು ಕೊಡ್ತಾನೇ ಇದೀನಲ್ಲ ಸರ್! ಇನ್ನೆಷ್ಟ್ ಸಲ ಬರೀಲಿ?" ಅವರ ದನಿ ಅಷ್ಟು ದೊಡ್ಡದಿದೆ ಅಂತ ಎರಡು ವರ್ಷದಲ್ಲಿ ಇವತ್ತು ಗೊತ್ತಾಯಿತು. ಹೇಳಿದ ಮೇಲೆ ಅವರೇ ಗಾಬರಿಯಾದರು. ಕನ್ನಡಕ ತೆಗೆದರು.

ಪ್ರಿನ್ಸಿಪಾಲ್ ಫೋನ್ ಎತ್ತಿಕೊಂಡು ಹೊರಗೆ ಹೋದರು. ಬಹಳ ಹೊತ್ತಾದ ಮೇಲೆ ಬಂದು, ಚಿತ್ರದುರ್ಗದಿಂದ ನಿರ್ಮಲಾ ಅಂತ ಒಬ್ಬರು ಗೆಸ್ಟ್ ಲೆಕ್ಚರರ್ ಒಪ್ಪಿದ್ದಾರೆ ಎಂದರು. ದಿಲ್ಶಾದ್ ಬೇಗಂ ಅಲ್ಲಿಯೇ ಆ ನಂಬರ್ ತೆಗೆದುಕೊಂಡು ತಾವೇ ಫೋನ್ ಮಾಡಿ ಕೇಳಿದರು. ಆಮೇಲೇ ಪೆನ್ ಕೇಳಿದ್ದು.

ಜೂನ್ 30, ಸೋಮವಾರ

ಅಡ್ಮಿಷನ್‌ಗೆ ಕೊನೇ ದಿನ. ಹದಿನೈದು ಆಯಿತು. ಸೆಕ್ಷನ್ ಉಳಿಯಿತು. ಫೈನಲ್ ಇಯರ್ ಇಲ್ಲೇ. ಅಪ್ಪನಿಗೆ ಫೋನ್ ಮಾಡಿದೆ. "ಸರೇ" ಎಂದ. ಇಟ್ಟ. ಐದು ನಿಮಿಷ ಬಿಟ್ಟು ಅವನೇ ಮಾಡಿ, "ಬರ್ತಾ ಮೈಸೂರ್‌ಪಾಕ್ ತಗಂಬಾ" ಎಂದ.

ಸಾಯಂಕಾಲ ಇಂಟರ್ನಲ್ ಮಾರ್ಕ್ಸ್ ಹಾಕಿದರು. ನನಗೆ ಪಾಸಾಗುವಷ್ಟು. ವಿಶ್ವನಾಥ್‌ಗೆ ಎಲ್ಲರಿಗಿಂತ ಜಾಸ್ತಿ. ಯಾಕೆಂದರೆ ಮೊಳಕಾಲ್ಮೂರಿನ ನಾಲ್ಕೂ ಅಡ್ಮಿಷನ್ ಅವನು ತಂದದ್ದು ಅಂತ ಬರೆಸಿದ್ದಾನೆ. ಮುಸ್ಕಾನ್‌ಗೆ ಹೇಳಿದೆ.

"ವಿಶ್ವನಾಥ್ ಯಾರಕ್ಕ?" ಎಂದಳು.

ಅವನ ಜೊತೆ ಜಗಳ ತೆಗೆಯಬೇಕಿತ್ತು. ಅಷ್ಟರಲ್ಲಿ ಬಸ್ ಬಂತು.

ಜುಲೈ 7, ಸೋಮವಾರ

ನಿರ್ಮಲಾ ಮೇಡಂ ಸೋಮವಾರ ಬರುತ್ತಾರೆ ಎಂದಿದ್ದರು. ಬರಲಿಲ್ಲ. ಆಫೀಸಿನಲ್ಲಿ ಕೇಳಿದರೆ "ಆರ್ಡರ್ ಟೈಪ್ ಆಗ್ತಿದೆ". ಪರೀಕ್ಷೆ ಈ ತಿಂಗಳ ಕೊನೆಗೆ. ಟೈಪ್ ಆಗುತ್ತಿದೆಯಂತೆ! ಇವರನ್ನೆಲ್ಲ ಒಂದೇ ಒಂದು ದಿನ ನಮ್ಮ ಬಸ್ಸಿನಲ್ಲಿ ನಿಲ್ಲಿಸಬೇಕು.

ದಿಲ್ಶಾದ್ ಬೇಗಂಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ನೀನ್ ಓದ್ಕೋ ಬೇಟಿ. ಅವ್ರ ಜೊತೆ ನಾನ್ ಮಾತಾಡ್ತೀನಿ" ಎಂದರು. ಪ್ರಿನ್ಸಿಪಾಲ್ ಬಗ್ಗೆ ಮೊದಲ ಸಲ ಅಯ್ಯೋ ಪಾಪ ಅನಿಸಿತು.

ಜುಲೈ 10, ಗುರುವಾರ. ಕ್ಲಾಸಿನಲ್ಲೇ

ಬಂದರು! ನಿರ್ಮಲಾ ಮೇಡಂ. ಬ್ಯಾಗ್ ಟೇಬಲ್ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ನೇರ ಬೋರ್ಡಿಗೆ ಹೋಗಿ 'ಕಾಸ್ಟ್ ಶೀಟ್' ಎಂದು ಬರೆದರು. "ಇದುವರ್ಗೂ ಯಾರು ಹೇಳ್ಕೊಡ್ತಿದ್ರು?" ಎಂದು ಕೇಳಿದರು. ವಿಶ್ವನಾಥ್ ನನ್ನ ಕಡೆ ಬೆರಳು ತೋರಿಸಿದ. "ಇವಳೇ ಮೇಡಂ. ಚೆನ್ನಾಗ್ ಹೇಳ್ಕೊಡ್ತಾಳೆ." ಇವನನ್ನು ಏನು ಮಾಡಬೇಕೋ ನನಗೆ ತಿಳಿಯುವುದಿಲ್ಲ.

"ಸರಿ. ಅಟೆಂಡೆನ್ಸ್ ಆದ್ಮೇಲೆ ಬಂದು, ಎಲ್ಲೀವರ್ಗೂ ಆಗಿದೆ ಅಂತ ಬೋರ್ಡ್ ಮೇಲೆ ಹಾಕಿ ತೋರ್ಸು. ತಪ್ಪಿದ್ರೆ ತಿದ್ದೋಣ."

ತಪ್ಪಿರುತ್ತದೆ. ಓವರ್‌ಹೆಡ್ಸ್, ಬಾಡಿಗೆ-ಕರೆಂಟಿನಂಥ ಖರ್ಚು ಹಂಚುವ ಕಡೆ, ಖಂಡಿತ ಇರುತ್ತದೆ, ಮಾರ್ಚ್‌ನಿಂದ ಕೇಳಲು ಯಾರೂ ಇರಲಿಲ್ಲ. ಹಾಜರಿ ಕರೆಯುತ್ತಿದ್ದಾರೆ. ಮುಂದಿನದು ನನ್ನದೇ— ಕರೆದರು, ಏಳಬೇಕು, ಮೊದಲು ಓವರ್‌ಹೆಡ್ಸೇ ಕೇಳಬೇಕು, ಆಮೇಲೆ