ಕೆಂಪಣ್ಣನ ಎಡೆ

ಅಪ್ಪಾ,

ಎಲ್ಲಿಂದ ಶುರು ಮಾಡಲಿ ಅಂತ ಗೊತ್ತಾಗುತ್ತಿಲ್ಲ. ಪಿತೃಪಕ್ಷದಲ್ಲಿ ತಾತ ಅಜ್ಜಿಯ ಎಡೆಯ ಪಕ್ಕದಲ್ಲಿ ಆ ವಿಮಾನದವರಿಗೂ ಒಂದು ಎಲೆ ಹಾಕುತ್ತಿದ್ದೆಯಲ್ಲ, ಅವರಲ್ಲಿ ಒಬ್ಬ ಬದುಕಿದ್ದಾನೆ. ನೀನು ಕೆಂಪಣ್ಣ ಎಂದು ಹೆಸರಿಟ್ಟಿದ್ದ ಕೆಂಪು ಕೂದಲಿನವನು. ಇಲ್ಲೇ ಅಮೆರಿಕದಲ್ಲೇ, ಹೇವರ್ಡಿನಲ್ಲಿದ್ದಾನೆ, ನಮ್ಮ ಸನ್ನಿವೇಲ್‌ನಿಂದ ಫ್ರೀವೇ ಖಾಲಿಯಿದ್ದರೆ ಅರ್ಧ ಗಂಟೆಯ ದಾರಿ.

ಅವರ ಫೋಟೋಗೆ ಹೂವು ಹಾಕುವಾಗ ಅಮ್ಮ ಮಾಡುತ್ತಿದ್ದ ರಂಪ ನೆನಪಿದೆಯಾ? ವಿಮಾನದ ಮುಂದೆ ಸಾಲಾಗಿ ನಿಂತ ಅಮೆರಿಕದ ಹುಡುಗರು, ಅಂಚಿನಲ್ಲಿ ಕಡ್ಡಿಯಂತಿದ್ದ ನೀನು. "ಬದುಕಿರೋ ಗಂಡನ ಫೋಟೋಗೆ ಹೂವ ಏರ್ಸಕ್ಕೆ ನಂಗೇನ್ ಬಂದದೆ" ಎಂದು ಗೊಣಗುತ್ತಿದ್ದಳು. ನೀನು ನಗುತ್ತಲೇ ಸೇವಂತಿಗೆಯ ದಾರ ಎಳೆದು, ನಿನ್ನೊಬ್ಬನನ್ನು ಹೊರಗೆ ಬಿಟ್ಟು ಕಟ್ಟುತ್ತಿದ್ದೆ.

ಅವರ ಕಥೆ ಅಂತ ನೀನು ಹೇಳಿದ್ದು ಸ್ವಲ್ಪವೇ. ಯುದ್ಧದ ಕಾಲ, ಬಂಗಾಳದ ವಿಮಾನ ನೆಲೆಯಲ್ಲಿ ನೀನು ಅಡುಗೆಯವನು. ಒಂದು ಬೆಳಗ್ಗೆ ಹೊರಡುವ ಕರೆ ಬೇಗ ಬಂತು. ಮೊಟ್ಟೆ ಇನ್ನೂ ಒಲೆಯ ಮೇಲಿತ್ತು, ಹುಡುಗರು ಹಾಗೇ ಓಡಿದರು. ಜಪಾನಿನವರು ಹಿಡಿದಿದ್ದ ಬರ್ಮಾದ ಮೇಲೆ ಬಾಂಬು ಹಾಕಲು ಹೋದ ವಿಮಾನ ತಿರುಗಿ ಬರಲಿಲ್ಲ. "ಹಸ್ಕೊಂಡೇ ಹೋದ್ರು ಕಣವ್ವ" ಅನ್ನುತ್ತಿದ್ದೆ. ಅದಕ್ಕೇ ಅವರ ಎಲೆಗೆ ಮೊದಲು ಮೊಟ್ಟೆ ಬಡಿಸಬೇಕಿತ್ತು. ನೀನು ಹೋದ ಮೇಲೆ ನಾನೂ ಹಾಗೇ ಮಾಡಿಕೊಂಡು ಬಂದೆ.

ಹೋದ ಚಳಿಗಾಲದಲ್ಲಿ ಆ ಫೋಟೋವನ್ನು ಆಫೀಸಿನಲ್ಲಿ ಸ್ಕ್ಯಾನು ಮಾಡಿ ವೆಬ್‌ಸೈಟಿಗೆ ಹಾಕಿದ್ದೆ. ಇಲ್ಲಿ ಈಗ ಇದು ಹೊಸದು, ಎಲ್ಲರೂ ವೆಬ್‌ಸೈಟು ಮಾಡುತ್ತಿದ್ದಾರೆ, ನನ್ನದೂ ಒಂದಿರಲಿ ಅಂತ. ಮೊನ್ನೆ ಒಬ್ಬ ಹೆಂಗಸಿನ ಇಮೇಲು ಬಂತು. ಫೋಟೋದಲ್ಲಿರುವ ಕೆಂಪು ಕೂದಲಿನವರು ಅವಳ ತಂದೆಯಂತೆ. ಪ್ಯಾರಾಚೂಟಿನಲ್ಲಿ ಹಾರಿ, ಸೆರೆ ಸಿಕ್ಕಿ, ಯುದ್ಧ ಮುಗಿದ ಮೇಲೆ ಮನೆ ಸೇರಿದರಂತೆ. ಮಿಕ್ಕವರು ಯಾರೂ ಉಳಿಯಲಿಲ್ಲ. ನನಗೆ ಖುಷಿಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಜೀವಂತ ಮನುಷ್ಯನಿಗೆ ಎಡೆ ಇಟ್ಟೆವಲ್ಲಪ್ಪಾ, ಅದು ಅವನಿಗೆ ತಟ್ಟುವುದಿಲ್ಲವಾ? ಇಲ್ಲಾ, ಅದರಿಂದಲೇ ಅವನು ಇಷ್ಟು ವರ್ಷ ಬದುಕಿದನಾ... "ಹಿ ಈಸ್ ಅಲೈವ್, ಅಮ್ಮಾ. ದಟ್ಸ್ ಗುಡ್, ರೈಟ್?" ಅಂದಳು ನಿನ್ನ ಮೊಮ್ಮಗಳು ಸಿರಿ.

ಊರಿಗೆ ಫೋನು ಮಾಡಿದೆ. "ಬಿಡ್ತು ಅನ್ನು" ಅಂದಳು ಅಮ್ಮ ಮೊದಲು. ಆಮೇಲೆ, "ಹಬ್ಬದ್ ದಿನ ಕರ್ದು ಉಣ್ಣಕ್ಕಿಕ್ಕು. ಎದುರ್ಗೇ ಕೂತು ಉಂಡ್ರೆ ಅದು ಎಡೆ ಹೆಂಗಾದದು?" ಅಂದಳು. ನಿನ್ನ ಹೆಂಡತಿಗೆ ಇಂಥದ್ದೆಲ್ಲ ಹೇಗೆ ಹೊಳೆಯುತ್ತದೋ.

ಅಮಾವಾಸ್ಯೆಯ ದಿನ ಕೆಂಪಣ್ಣ ಬಂದ. ಕೂದಲೆಲ್ಲ ಬೆಳ್ಳಗಾಗಿದೆ, ಕೈಯಲ್ಲಿ ಕೋಲು. ಧೂಪದ ಹೊಗೆಗೆ ಅಪಾರ್ಟ್‌ಮೆಂಟಿನ ಅಲಾರಂ ಬೇರೆ ಕಿರುಚಿಕೊಂಡಿತು, ಸಿರಿ ಟವೆಲ್ ಬೀಸುತ್ತಾ ನಿಂತಿದ್ದಳು. ಅವನು ಫೋಟೋದ ಹತ್ತಿರ ಹೋಗಿ, ಹೂವು ತನ್ನನ್ನೊಬ್ಬನನ್ನೇ ಯಾಕೆ ಬಿಟ್ಟಿದೆ ಅಂತ ಕೇಳಿದ. ಎಲ್ಲ ಹೇಳಿದೆ. ನಿನ್ನ ಮುಖದ ಮೇಲೂ ಹೂವು ಬಂದಿರುವುದನ್ನು ತೋರಿಸಿದೆ.

ಅವನಿಗೆ ನೀನು ನೆನಪಿಲ್ಲ, ಅಪ್ಪಾ. ಅಡುಗೆಮನೆಯಲ್ಲಿ ಯಾರೋ ಒಬ್ಬನಿದ್ದ ಅಂದ, ಮುಖ ಬರುತ್ತಿಲ್ಲವಂತೆ. ನನಗೆ ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲು ನಾನ್ಯಾರು? ನೀನು ಇಷ್ಟು ವರ್ಷ ಹೊತ್ತುಕೊಂಡಿದ್ದನ್ನೇ ಕೇಳಿದೆ: ಆ ದಿನ ನಿಮಗೆ ಹಸಿವಾಗಿತ್ತಾ?

"ತುಂಬಾ" ಅಂದ. ದಾರಿಯುದ್ದಕ್ಕೂ ಬಿಟ್ಟು ಬಂದ ಮೊಟ್ಟೆಯದೇ ಮಾತಂತೆ, ವಾಪಸು ಬಂದ ತಕ್ಷಣ ತಿನ್ನೋಣ ಅಂತ...

ಅಷ್ಟು ಹೇಳಿ, ತನಗಾಗಿ ಹಾಕಿದ್ದ ಕುರ್ಚಿಯ ಕಡೆ ನೋಡದೆ, ಬಗ್ಗಿ ವಿಮಾನದವರ ಎಲೆಯ ಮೊಟ್ಟೆಗೇ ಕೈ ಹಾಕಿದ. ಹಿರಿಯರಿಗಿಂತ ಮೊದಲು ಮುಟ್ಟಬಾರದು ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಫೋಟೋ ನೋಡುತ್ತಾ ನಿಂತೇ ತಿಂದ. ಕಣ್ಣೊರೆಸಿಕೊಂಡು ಇನ್ನೊಂದು ತೆಗೆದುಕೊಂಡ.

ತಪ್ಪೋ ಸರಿಯೋ ಈಗಲೂ ನನಗೆ ಗೊತ್ತಿಲ್ಲ. ಮುಂದಿನ ವರ್ಷವೂ ಬಾ ಅಂದಿದ್ದೇನೆ. ಆದರೆ ಒಬ್ಬನಾದರೂ ಉಂಡ, ಅಪ್ಪಾ. ಮೊಟ್ಟೆ ಚೆನ್ನಾಗಿ ಬೆಂದಿತ್ತು.