ಅಪ್ಪನಿಗೆ ಗೊತ್ತಿಲ್ಲದ ವಿಳಾಸ

ಲಿಂಗರಾಜಪುರ, ಬೆಂಗಳೂರು
ಭಾನುವಾರ, 9 ಮಾರ್ಚ್ 2025

ಪ್ರೀತಿಯ ಮಗಳು ಗಗನಾ,

ಅಪ್ಪನ ಆಶೀರ್ವಾದ. ಹೇಗಿದ್ದೀಯಾ? ತಲೆನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ನಗಬೇಡ. ಇಂಥದನ್ನೆಲ್ಲ ನಾನು ನಿನ್ನನ್ನು ಬಾಯಿಬಿಟ್ಟು ಕೇಳಿದವನೇ ಅಲ್ಲ. ಕೇಳಬೇಕೆಂದು ನನ್ನ ಮನಸ್ಸಿಗೆ ಬರುವಷ್ಟರಲ್ಲೇ ನಿನ್ನ ಉತ್ತರ ಬಂದುಬಿಡುತ್ತಿತ್ತು. ಆದರೆ ಬೇರೆಯವರ ಮನಸ್ಸು ನಿನಗೆ ಕೇಳಿಸುತ್ತಿದ್ದುದು ಹೆಚ್ಚೆಂದರೆ ನಮ್ಮ ಗೇಟಿನವರೆಗೆ. ಈಗ ನೀನಿರುವ ಊರಿನ ಹೆಸರನ್ನೂ ನಿನ್ನನ್ನು ಕೆಲಸಕ್ಕೆ ಕರೆದೊಯ್ದವರು ನಮಗೆ ಹೇಳಿಲ್ಲ, ನಿನ್ನ ಕೈಗೆ ಫೋನ್ ಕೊಡುವುದಿಲ್ಲ, ಇರುವುದು ಒಂದು ಪೋಸ್ಟ್ ಬಾಕ್ಸ್ ನಂಬರು. ಹಾಗಾಗಿ ರಿಟೈರಾದ ಮೇಲೆ ಮಗಳಿಗೆ ಪತ್ರ ಬರೆಯುವುದನ್ನು ಕಲಿಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ನಿನ್ನ ಅಮ್ಮ ಮನೆಯಲ್ಲಿಲ್ಲ, ಅಡುಗೆ ನನ್ನದೇ. ನಿನ್ನೆಯ ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಿದ್ದೆನೆಂದರೆ, ಪಕ್ಕದ ಮನೆ ಪಿಳ್ಳಮ್ಮನವರು ರುಚಿ ನೋಡಿ, ದೇವರ ಹಿತ್ತಾಳೆ ದೀಪ ತಿಕ್ಕಿ ಬೆಳಗಲಿಕ್ಕೆ ಎತ್ತಿಟ್ಟುಕೊಳ್ಳಿ ಎಂದರು. ಅಮ್ಮನ ವಿಷಯ ಆಮೇಲೆ ಬರೆಯುತ್ತೇನೆ. ಗಾಬರಿಯಾಗಬೇಡ, ಅವಳೂ ಚೆನ್ನಾಗಿದ್ದಾಳೆ.

ನಿನ್ನೆ ಶಿವಾಜಿನಗರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದೊಡನೆ ನಿನ್ನದೇ ನೆನಪು. ನಿನಗಾಗ ಐದು ವರ್ಷ ಇರಬೇಕು. ಬಸ್ಸಿಂದ ಇಳಿಸಿದ್ದೇ ತಡ, ಕಿವಿ ಮುಚ್ಚಿಕೊಂಡು ಕಿರುಚಲು ಶುರುಮಾಡಿದೆ. ಹಾರನ್ ಶಬ್ದಕ್ಕೆ ಹೆದರಿದೆ ಎಂದುಕೊಂಡೆ. "ಅಪ್ಪಾ, ಎಲ್ಲಾರೂ ಒಟ್ಟಿಗೆ ಮಾತಾಡ್ತಿದ್ದಾರೆ, ಯಾರೂ ಬಾಯೇ ತೆಗೀತಿಲ್ಲ" ಎಂದು ಅತ್ತೆ. ರಸೆಲ್ ಮಾರ್ಕೆಟ್ಟಿನ ಮುಂದೆ ನಿಂಬೆಹಣ್ಣು ಮಾರುತ್ತಿದ್ದ ಶಂಶುನ್ನೀಸಾ ನಿನ್ನನ್ನು ಕರೆದು ತಮ್ಮ ಗೋಣಿತಾಟಿನ ಮೇಲೆ ಕೂರಿಸಿಕೊಂಡರು. ಒಂದು ಕೈಯಲ್ಲಿ ಜಪಮಣಿ ಎಣಿಸುತ್ತಲೇ ಇದ್ದರು. ನೀನು ತಕ್ಷಣ ಸುಮ್ಮನಾದೆ. ಈ ಅಜ್ಜಿಯ ಒಳಗೆ ಒಂದೇ ಮಾತಿದೆ, ಅದೂ ಮೆಲ್ಲಗಿದೆ ಎಂದೆ. ಆಮೇಲೆ ವರ್ಷಗಟ್ಟಲೆ ನಾನು ತರಕಾರಿ ತರುವವರೆಗೂ ನೀನು ಅವರ ಪಕ್ಕದಲ್ಲೇ. ಆ ಪುಣ್ಯಾತ್ಗಿತ್ತಿ ಹೋಗಿ ಎಷ್ಟೋ ಕಾಲವಾಯಿತು. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತು, ಬೇಡದ ಒಂದು ಕವರು ಕೊಂಡುಕೊಂಡು ಬಂದೆ.

ಕೆ.ಆರ್. ಪುರದ ಫ್ಯಾಕ್ಟರಿ ಕ್ವಾರ್ಟರ್ಸಿನ ದಿನಗಳೇ ಚೆನ್ನಾಗಿದ್ದವು ಮಗಳೇ. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಆಚೆ ಪ್ರಪಂಚ ಇದೆಯೆಂದೇ ನಮಗೆ ಅನಿಸುತ್ತಿರಲಿಲ್ಲ. ನಾನು ಗಡ್ಡ ಹೆರೆದುಕೊಳ್ಳುತ್ತಾ ಮನಸ್ಸಿನಲ್ಲೇ ಯಾವುದೋ ಕೀರ್ತನೆ ಹಾಡಿಕೊಂಡರೆ, ನೀನು ಒಳಕೋಣೆಯಿಂದ "ಅಪ್ಪಾ, ಶ್ರುತಿ" ಎಂದು ಕೂಗುತ್ತಿದ್ದೆ. ಮನಸ್ಸಿನಲ್ಲೂ ಅಪಸ್ವರ ಹಾಡುವ ಗಂಡಸು ಬೆಂಗಳೂರಿನಲ್ಲಿ ಇವರೊಬ್ಬರೇ ಎಂದು ನಿನ್ನ ಅಮ್ಮ ಸೀತಾಲಕ್ಷ್ಮಿ ಮಾನ ಕಳೆಯುತ್ತಿದ್ದಳು. ನಿನ್ನ ಅಣ್ಣ ಭಾರ್ಗವ್ ನಿನ್ನ ಜೊತೆ ಇಸ್ಪೀಟು ಆಡಲು ಒಪ್ಪುತ್ತಿರಲಿಲ್ಲ, ನಾನೊಬ್ಬನೇ ದಡ್ಡ ಸಿಗುತ್ತಿದ್ದೆ. ಹೊರಗಿನವರಿಗೆ ಮಾತ್ರ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ನೀನು ಮಾರತ್ತಹಳ್ಳಿಯ ಕಂಪನಿಯಲ್ಲಿ ಕೆಲಸಕ್ಕೆ ಜನರನ್ನು ಆರಿಸಲು ಕೂತೆ ನೋಡು, ಒಂದು ಸಲವೂ ತಪ್ಪಲಿಲ್ಲ. ಅದು ಯಾರ ಕಣ್ಣಿಗೋ ಬಿತ್ತು. ಆ ಬಿಳಿ ಷರ್ಟಿನ ಅಧಿಕಾರಿ ಮನೆಗೆ ಬಂದು, ಇದು ದೇಶದ ಕೆಲಸ, ನಿಮ್ಮ ಮಗಳು ನಾವು ಹಿಡಿದವರ ಎದುರು ಸುಮ್ಮನೆ ಕೂತಿದ್ದರೂ ಎಷ್ಟೋ ಜೀವ ಉಳಿಯುತ್ತದೆ ಎಂದ. ನೀನು ಉಳಿಸಿದ್ದೀಯ, ನನಗೆ ಗೊತ್ತು. ಅದರ ಹೆಮ್ಮೆ ನನಗೆ ಇಂದಿಗೂ ಇದೆ.

ಆದರೆ ಎರಡು ವರ್ಷದ ಹಿಂದೆ ರಜಾಕ್ಕೆ ಬಂದಾಗ, ಮೊಟ್ಟೆಯೂ ಒಳಗೆ ಬಾರದ ನಮ್ಮ ಅಡುಗೆಮನೆಯಲ್ಲಿ ನಿಂತು ನೀನು ಹುರಿದ ಮೀನು ಬೇಕು ಎಂದೆ. ಅಮ್ಮ ಬೈಯುವ ಮೊದಲೇ ನಿನ್ನ ಮುಖ ಬಿಳಿಚಿಕೊಂಡಿತು. "ಅದು ನನ್ನ ಆಸೆ ಅಲ್ಲಪ್ಪ. ಯಾರದ್ದೋ. ಯಾರದ್ದು ಅಂತಾನೂ ಮರ್ತೋಗಿದೆ" ಎಂದೆ. ಆವತ್ತು ನನ್ನ ಎದೆ ಧಸಕ್ಕೆಂದದ್ದು ನಿನಗೂ ಕೇಳಿಸಿರುತ್ತದೆ. ಅಲ್ಲಿ ನಿನ್ನಂಥವರೇ ಇನ್ನೊಬ್ಬರಿದ್ದಾರೆ, ನೀನು ಏನನ್ನಾದರೂ ಮುಚ್ಚಿಟ್ಟಿದ್ದೀಯಾ ಎಂದು ನೋಡಲು ವಾರಕ್ಕೊಮ್ಮೆ ಅವರನ್ನು ನಿನ್ನೆದುರು ಕೂರಿಸುತ್ತಾರೆ ಎಂದೂ ಹೇಳಿದ್ದೆ. ಅಂದರೆ ಈ ಪತ್ರವನ್ನು ಅವರೂ ನಿನ್ನೊಳಗೆ ಓದುತ್ತಾರೆ. ಅವರಿಗೆ ನನ್ನ ನಮಸ್ಕಾರ ತಿಳಿಸು. ಅವರ ಮನೆಯಲ್ಲೂ ಯಾರಾದರೂ ಕಾಯುತ್ತಿರಬಹುದು ಪಾಪ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಭಾನುವಾರ ಬಿಳಿ ಷರ್ಟಿನವನು ಮತ್ತೆ ಬಂದಿದ್ದ, ನಿನ್ನ ಕ್ಷೇಮ ಸಮಾಚಾರ ಹೇಳುವ ನೆಪದಲ್ಲಿ. ಗಗನಾ ತುಂಬಾ ಸಂತೋಷವಾಗಿದ್ದಾರೆ ಸರ್ ಎಂದ. ಭಾರ್ಗವ್‌ನ ಮಗಳು ವಿಭಾ ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ತಲೆಯೆತ್ತದೆ, "ಅಂಕಲ್, ನಮ್ಮತ್ತೆ ಯಾಕೆ ಅಳ್ತಿದ್ದಾರೆ?" ಎಂದಳು. ಅವನು ಕಾಫಿ ಲೋಟ ಕೆಳಗಿಟ್ಟ. ಆಮೇಲೆ ಅವನು ನನ್ನ ಕಡೆ ನೋಡಲೇ ಇಲ್ಲ, ಮಗುವನ್ನೇ ನೋಡುತ್ತಿದ್ದ. ನಮ್ಮದೇ ಒಳ್ಳೆಯ ಸ್ಕೂಲಿದೆ, ಇವಳನ್ನು ಅಲ್ಲಿಗೆ ಕಳಿಸಿ ಎಂದ. ಕಳಿಸುವುದಿಲ್ಲ ಎಂದೆ. ಯೋಚನೆ ಮಾಡಿ ಸರ್, ನಾವು ಮತ್ತೆ ಬರ್ತೀವಿ ಎಂದು ಎದ್ದು ಹೋದ. ನೀನು ಹೋದದ್ದು ದೊಡ್ಡವಳಾಗಿ, ನಿನ್ನ ಇಷ್ಟದಿಂದ. ವಿಭಾಳಿಗಿನ್ನೂ ಐದು ವರ್ಷ. ಯಾವ ಆಸೆ ತನ್ನದು, ಯಾವುದು ಬೇರೆಯವರದು ಎಂದು ಆ ಮಗುವಿಗೆ ತಿಳಿಯುವ ಮೊದಲೇ ಎಲ್ಲ ಕಲಸಿಹೋಗುತ್ತದೆ.

ಮಂಗಳವಾರ ಭಾರ್ಗವ್ ಸಂಸಾರ ಸಮೇತ ಊರು ಬಿಟ್ಟ. ಗುರುವಾರ ಬಿಳಿ ಷರ್ಟಿನವನ ಫೋನು ಬಂತು, ಮಗು ಎಲ್ಲಿ ಎಂದು. ಗೊತ್ತಿಲ್ಲ ಎಂದೆ. ನಕ್ಕ. "ಈ ಸಲ ಯುಗಾದಿಗೆ ಗಗನಾಗೆ ರಜಾ ಕೊಡಿಸ್ತೀವಿ ಸರ್" ಎಂದ. ಎರಡು ವರ್ಷ ಕೇಳಿದರೂ ಸಿಗದ ರಜಾ! ನನ್ನ ತಲೆಯಲ್ಲಿರುವುದು ನಿನಗೆ ಕೇಳಿಸುತ್ತದೆ, ನಿನ್ನಿಂದ ವಾರಕ್ಕೊಮ್ಮೆ ಎದುರು ಕೂರುವವರಿಗೆ. ಅವನ ಲೆಕ್ಕ ಇಷ್ಟೇ. ನೀನು ಜಾಣೆ, ಇದನ್ನು ಊಹಿಸಿ ರಜಾನೇ ಬೇಡ ಎಂದುಬಿಡುತ್ತೀಯ ಎಂದು ಹೆದರಿ ಈ ಪತ್ರ ಬರೆಯುತ್ತಿದ್ದೇನೆ. ಬೇಡ ಎನ್ನಬೇಡ.

ಯಾಕಮ್ಮಾ ಅಳುತ್ತಿದ್ದೆ? ಒಂದು ವಾರದಿಂದ ಇದನ್ನು ಬಿಟ್ಟು ಬೇರೆ ಏನನ್ನೂ ನಾನು ಯೋಚಿಸಿಲ್ಲ. ನಿನ್ನನ್ನು ನೋಡಬೇಕು ಅನಿಸುತ್ತಿದೆ. ಎಣ್ಣೆನೀರು ಹಾಕಿಕೊಂಡು ನೀನು ಮಹಡಿಯಲ್ಲಿ ತಲೆ ಒಣಗಿಸುತ್ತಾ ಕೂತಿರುವುದನ್ನು ನೋಡಬೇಕು ಅನಿಸುತ್ತಿದೆ. ಹೋಳಿಗೆ ಅಂಗಡಿಯಿಂದ ತರುತ್ತೇನೆ, ಭಯ ಬೇಡ. ಮೈ ಕಡೆ ಗಮನವಿರಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಗುರುರಾಜ್

ವಿ.ಸೂ.: ಅಮ್ಮನ ವಿಷಯ ಬರೆಯದೆ ಕವರು ಅಂಟಿಸಲು ಹೊರಟಿದ್ದೆ. ಅವಳು ವಿಭಾಳ ಜೊತೆ ಹೋಗಿದ್ದಾಳೆ. ಹೊರಡುವಾಗ ಭಾರ್ಗವ್ ಊರಿನ ಹೆಸರು ಹೇಳಲು ಬಾಯಿ ತೆರೆದ. ನಾನು ಬೇಡ ಎಂದೆ. ನಿಮಗೇನು ತಲೆ ಕೆಟ್ಟಿದೆಯಾ, ನಾಳೆ ನಮ್ಮನ್ನೆಲ್ಲಿ ಹುಡುಕ್ತೀರಿ ಎಂದು ಅಮ್ಮ ಅತ್ತಳು. "ಗಗನಾ ಬಂದ್ರೆ ಬಾಗಿಲು ತೆಗಿಯೋಕೆ ಏನೂ ಗೊತ್ತಿಲ್ಲದೋನು ಒಬ್ಬ ಬೇಕಲ್ಲೇ" ಎಂದೆ. ಅವಳು ಕಣ್ಣೊರೆಸಿಕೊಂಡು ಬ್ಯಾಗು ಎತ್ತಿಕೊಂಡಳು. ಅವರು ಫೋನ್ ಮಾಡುವುದಿಲ್ಲ, ಮಾಡಬಾರದೆಂದು ನಾನೇ ಹೇಳಿದ್ದೇನೆ. ಆದ್ದರಿಂದ ನೀನು ಧೈರ್ಯವಾಗಿ ಬಾ. ಎಷ್ಟು ಕೆದಕಿದರೂ ನನ್ನೊಳಗೆ ಅವರ ವಿಳಾಸ ಸಿಗುವುದಿಲ್ಲ. ಬಂದ ಮೇಲೆ ವಾಪಸು ಹೋಗಲು ಮನಸ್ಸಿಲ್ಲದಿದ್ದರೆ ಒಂದು ಸಲ ಬಾಯಿಬಿಟ್ಟು ಹೇಳು ಮಗಳೇ. ನನಗೆ ನಿನ್ನ ಹಾಗೆ ಕೇಳಿಸುವುದಿಲ್ಲ.