ಕೆಂಪು ಹೂವಿನ ಗುಡ್ಡ

ಎಂಜಿನ್ ಶೆಡ್ಡಿನ ಹಿಂದಿನ ಕ್ವಾರ್ಟರ್ಸ್
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಇವರಿಗೆ ಡ್ರೈವರ್ ಸೀಟು ಸಿಕ್ಕಿತು ಕಣೇ! ಇಷ್ಟು ವರ್ಷ ಸಹಾಯಕನಾಗಿ ಪಕ್ಕದಲ್ಲಿ ಕೂತವರು ಒಂದನೇ ತಾರೀಖಿನಿಂದ ತಾವೇ ರೈಲು ಓಡಿಸುತ್ತಾರೆ. ಸುದ್ದಿ ಬಂದಾಗ ನಾನು ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಅದಿರಲಿ, ನೀನು ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಕಣ್ಣಾಸ್ಪತ್ರೆಯಲ್ಲಿ ದಿನವಿಡೀ ನಿಂತೇ ಇರಬೇಡ. ನನ್ನ ಇಂಗ್ಲಿಷ್ ಶಾಲೆಯ ಕಾಗುಣಿತ ನೋಡಿ ನಗಲೂ ಬೇಡ. ಫೋನ್ ಮಾಡಬಹುದಿತ್ತು, ಆದರೆ ಇದು ಒಂದೇ ಕೋಣೆಯ ಮನೆ, ಪಿಸುಗುಟ್ಟಿದರೂ ಇವರಿಗೆ ಕೇಳಿಸುತ್ತದೆ.

ಶ್ವಾಸಕೋಶದ ಕಾಯಿಲೆಗೆ ರಜೆ ಹಾಕಿ ಕೂತ ಇವರಿಗೆ ಹೊತ್ತು ಹೋಗಲಿ ಎಂದು ನೀನು ಕೊಡಿಸಿದ ಗೇಮನ್ನು ಟ್ಯಾಬಿನಲ್ಲಿ ಆಡಿದೆವು. "ಚೆನ್ನಾಗಿದೆಯೋ, ದುಡ್ಡು ದಂಡವೋ, ನಿಜ ಹೇಳು" ಎಂದಿದ್ದೆಯಲ್ಲ. ಚೆನ್ನಾಗಿದೆ ಅಕ್ಕಾ, ಎಷ್ಟು ಚೆನ್ನಾಗಿದೆ ಅಂದರೆ! ಗುಂಡಿಲ್ಲ, ಅಂಕವಿಲ್ಲ, ಯಾರೂ ಸಾಯುವುದಿಲ್ಲ. ಒಬ್ಬ ಹುಡುಗಿ ಹಸಿರು ಗುಡ್ಡ ಹತ್ತುತ್ತಾಳೆ. ಹುಲ್ಲಿನ ನಡುವೆ ಕೆಂಪು ಹೂವು ಹುಡುಕಿ ಮುಟ್ಟಿದರೆ ದಾರಿ ತೆರೆಯುತ್ತದೆ, ಗಾಳಿ ಬೀಸುತ್ತದೆ, ಅಷ್ಟೇ. ನಾನು ಒಂದು ಗಂಟೆಯಲ್ಲಿ ತುದಿ ಮುಟ್ಟಿ, ಸುಮ್ಮಸುಮ್ಮನೆ ಅತ್ತುಬಿಟ್ಟೆ. ಇವರು ಹಂಗಿಸಿದರು: "ಇದರಲ್ಲಿ ಗೆಲ್ಲೋಕೆ ಏನಿದೆ? ಹುಲ್ಲು ತುಳಿಯೋದಕ್ಕೂ ಆಟ ಅಂತಾರಾ?" ಆಮೇಲೆ ತಾವೇ ಟ್ಯಾಬ್ ಕಿತ್ತುಕೊಂಡರು.

ಮೊದಲ ಹೂವೇ ಸಿಗಲಿಲ್ಲ. ಅದರ ಪಕ್ಕದಲ್ಲೇ ಸುತ್ತಿದರು, ಸುತ್ತಿದರು. "ಕಣ್ಣು ಎಲ್ಲಿ ಅಡವಿಟ್ಟಿದ್ದೀರಿ ರೀ?" ಎಂದು ನಕ್ಕೆ. "ಎಲ್ಲಿದೆ ಹೂವು? ಬರೀ ಹುಲ್ಲು," ಎಂದರು. ನಾನು ನಗು ನಿಲ್ಲಿಸಿ ಹಳೆಯದೆಲ್ಲ ಒಂದೊಂದೇ ನೆನೆಸಿಕೊಂಡೆ. ರೈಲಿನಲ್ಲಿ ಡ್ರೈವರ್, ಸಹಾಯಕ ಇಬ್ಬರೂ ಸಿಗ್ನಲ್ ನೋಡಿ ಒಬ್ಬರಿಗೊಬ್ಬರು ಜೋರಾಗಿ ಕೂಗಿ ಹೇಳಬೇಕು; ಆ ಚಾಳಿಗೆ ಇವರು ಸ್ಕೂಟರಿನಲ್ಲೂ ನನ್ನ ಬೆನ್ನ ಹಿಂದೆ "ಕೆಂಪು!" "ಹಸಿರು!" ಎಂದು ಕೂಗುತ್ತಿದ್ದರು. ಈಚೆಗೆ "ನೀನೇ ಕೂಗು, ನಿನ್ನ ದನಿ ಚೆಂದ" ಎನ್ನತೊಡಗಿದ್ದರು. ನಾನೋ ಬೆಪ್ಪಿ, ಪ್ರೀತಿ ಎಂದು ಉಬ್ಬಿಹೋಗಿದ್ದೆ. ಇವತ್ತು ಒಲೆಯ ಮುಂದೆ ನಿಂತು "ಹಣ್ಣಾದ ಟೊಮೆಟೊ ಕೊಡಿ" ಎಂದೆ. ಬುಟ್ಟಿಯಲ್ಲಿ ಕಾಯಿ, ಹಣ್ಣು ಎರಡೂ ಇದ್ದವು. ಒಂದೊಂದನ್ನೇ ಹಿಸುಕಿ ನೋಡಿ ಆರಿಸಿ ಕೊಟ್ಟರು.

ಕೇಳಿಯೇಬಿಟ್ಟೆ. ಕಾಯಿಲೆಯ ಮಾತ್ರೆ ಶುರುವಾದ ಮೇಲೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತವಂತೆ. "ಯಾರ ಮುಂದೆಯೂ ಬಾಯಿ ಬಿಡಬೇಡ. ಸಹಾಯಕ ಇರ್ತಾನಲ್ಲ, ಅವನು ಕೂಗ್ತಾನೆ," ಎಂದು ಗೋಡೆ ಕಡೆ ತಿರುಗಿ ಮಲಗಿದರು. ಹೇಳಿದರೆ ಸೀಟು ಹೋದೀತು. ಹೇಳದಿದ್ದರೆ, ಹಿಂದಿನ ಡಬ್ಬಿಗಳಲ್ಲಿ ನಂಬಿ ನಿದ್ದೆ ಹೋದವರ ಗತಿ? ಒಂದು ಗಳಿಗೆ ನನಗೂ ಸುಮ್ಮನಿರೋಣ ಎನ್ನಿಸಿತು ಅಕ್ಕಾ. ಆ ಗಳಿಗೆಗೆ ಹೆದರಿಯೇ ಬರೆಯುತ್ತಿದ್ದೇನೆ. ಖಾಲಿಯಾದ ಮಾತ್ರೆಯ ಹಾಳೆಯೊಂದನ್ನು ಜೊತೆಗಿಟ್ಟಿದ್ದೇನೆ, ನಿಮ್ಮ ಡಾಕ್ಟರಿಗೆ ತೋರಿಸು. ಇದು ವಾಸಿಯಾಗುತ್ತದೆ ತಾನೇ?

ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು, ಭಾವನಿಗೆ ನಮಸ್ಕಾರ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಇವರು ಎದ್ದು ಬಂದು ಎಲ್ಲ ಓದಿಬಿಟ್ಟರು. ಬೈಗುಳಕ್ಕೆ ಕಾದು ಕೂತೆ. ಟ್ಯಾಬ್ ನನ್ನ ಕೈಗಿಟ್ಟು, "ಹೂವು ಎಲ್ಲಿದೆ, ತೋರಿಸು," ಎಂದರು. ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ಆ ಜಾಗವನ್ನೇ ನೋಡಿದರು. "ಶೆಡ್ಡಿಗೆ ನಾಳೆ ನಾನೇ ಹೋಗಿ ಹೇಳ್ತೀನಿ. ನಿಮ್ಮಕ್ಕನಿಗೆ ಬರಿ, ಬರ್ತೀವಿ ಅಂತ. ಎಂಜಿನ್ನಲ್ಲಲ್ಲ, ಟಿಕೆಟ್ ತಗೊಂಡು." ಇಬ್ಬರೂ ಬರುತ್ತೇವೆ ಅಕ್ಕಾ, ಬರುವ ಗುರುವಾರ, ಬೆಳಗಿನ ಪ್ಯಾಸೆಂಜರಿಗೆ.